ಪ್ರವಾಹ ನಕ್ಷೆ, ವಿಮಾ ಕಂತು ಮತ್ತು ಕಡಲಂಚಿನ ಮನೆಗಳು

ಅಮೆರಿಕದಲ್ಲಿ ವರ್ಷವೊಂದರಲ್ಲಿ ನೆರೆ ಬರುವ ಸಂಭವ ಕನಿಷ್ಠ ಶೇ. 1ರಷ್ಟಿರುವ ಪ್ರದೇಶವನ್ನು ಅಧಿಕ ಅಪಾಯದ ಪ್ರವಾಹ ವಲಯವೆಂದು ಗುರುತಿಸಲಾಗುತ್ತದೆ. 30 ವರ್ಷಗಳ ಗೃಹಸಾಲದ ಅವಧಿಯಲ್ಲಿ ಈ ಸಂಭವ ಸುಮಾರು ಶೇ. 26ಕ್ಕೇರುತ್ತದೆ. ಇಂಥ ವಲಯದಲ್ಲಿ ಕೇಂದ್ರ ಸರ್ಕಾರದ ಬೆಂಬಲವಿರುವ ಗೃಹಸಾಲ ಪಡೆದವರಿಗೆ ಪ್ರವಾಹ ವಿಮೆ ಕಡ್ಡಾಯ.

1968ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ ಹಳೆಯ ಮನೆಗಳಿಗೆ ನೀಡುತ್ತಿದ್ದ ಕಂತಿನ ರಿಯಾಯಿತಿಯನ್ನು ಹಂತಹಂತವಾಗಿ ಹಿಂತೆಗೆಯುವ ಕಾಯ್ದೆ 2012ರ ಜುಲೈನಲ್ಲಿ ಜಾರಿಗೆ ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್ ಕರಾವಳಿಗೆ ಅಪ್ಪಳಿಸಿತು. ಮನೆ ದುರಸ್ತಿಯ ಜೊತೆಗೇ ಕಂತಿನ ಹೊರೆಯನ್ನೂ ಎದುರಿಸಬೇಕಾದ, ನ್ಯೂಯಾರ್ಕ್ ನಗರದ ಜಮೈಕಾ ಕೊಲ್ಲಿಯ ಬ್ರಾಡ್ ಚಾನೆಲ್‌ನಂಥ ಬಡಾವಣೆಗಳ ನಿವಾಸಿಗಳು ಪ್ರತಿಭಟಿಸಿದರು. 2014ರಲ್ಲಿ ಅಮೆರಿಕದ ಸಂಸತ್ತು ದರ ಏರಿಕೆಗೆ ಮಿತಿ ಹಾಕಿತು. ಪ್ರವಾಹ ವಲಯಗಳನ್ನು ಗುರುತಿಸುವ ಕರಡು ನಕ್ಷೆಗಳು ನೆರೆಯ ಮಟ್ಟವನ್ನು ಅತಿಯಾಗಿ ಅಂದಾಜಿಸಿವೆಯೆಂದು ನಗರಾಡಳಿತ 2015ರಲ್ಲಿ ಮೇಲ್ಮನವಿ ಸಲ್ಲಿಸಿದಾಗ, ಮರುವರ್ಷ ಅವುಗಳ ಪರಿಷ್ಕರಣೆಗೆ ಒಪ್ಪಿಗೆ ದೊರೆಯಿತು.

ಆದರೆ ನಕ್ಷೆ ತಿದ್ದಿದ ಮಾತ್ರಕ್ಕೆ ಅಪಾಯ ತಗ್ಗುವುದಿಲ್ಲ. ಬ್ರಾಡ್ ಚಾನೆಲ್‌ನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಮಳೆಯಿಲ್ಲದೆಯೂ ಉಪ್ಪುನೀರು ಬೀದಿಗೆ ನುಗ್ಗುವುದರಿಂದ, ಕೆಲವು ರಸ್ತೆಗಳನ್ನೇ ಎತ್ತರಿಸಬೇಕಾಯಿತು. ಅಪಾಯಕ್ಕೆ ತಕ್ಕ ಕಂತು ತಾತ್ವಿಕವಾಗಿ ಸರಿಯೇ ಆದರೂ, ಮನೆಯನ್ನು ಎತ್ತರಿಸಲು ಅನುದಾನವನ್ನೂ ಆದಾಯಕ್ಕೆ ಅನುಗುಣವಾದ ನೆರವನ್ನೂ ನೀಡದಿದ್ದರೆ, ಅದು ಅಪಾಯವನ್ನು ತಪ್ಪಿಸುವ ಬದಲು ಬಡವರನ್ನು ತಮ್ಮ ಊರಿನಿಂದಲೇ ಹೊರದೂಡುತ್ತದೆ.