ಪೀಠ ಬರಿದಾದಾಗ ಸಲ್ಲಬೇಕಾದ ಕೃತಜ್ಞತೆ

ಕೃಷ್ಣಾ ತೀರದ ಉಗಾರ ಖುರ್ದದಲ್ಲಿ ಕಬ್ಬು ಕಡಿದು ಬರಿದಾದ ಹೊಲವನ್ನು ಕಂಡ ಪರಊರಿನವರು ಬೆಳೆ ಮುಗಿಯಿತೆಂದೇ ಭಾವಿಸುತ್ತಾರೆ. ರೈತ ಹಾಗೆ ಭಾವಿಸುವುದಿಲ್ಲ. ನೆಲದಲ್ಲಿ ಉಳಿದ ಬುಡದಿಂದಲೇ ಕೂಳೆ ಬೆಳೆ ಚಿಗುರುತ್ತದೆಂಬುದು ಅವನಿಗೆ ಗೊತ್ತು. ಅದು ಚಿಗುರಬೇಕಾದರೆ ಕಟಾವಾದ ಮೇಲೆಯೇ ಬುಡ ಸವರಿ ನೀರು ಗೊಬ್ಬರ ಕೊಡಬೇಕೆಂಬುದೂ ಗೊತ್ತು. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ಹಂಗಾಮಿಗೆ ತಕ್ಕಂತೆ ಬದುಕು ನಡೆಸುವ ಈ ಭಾಗದ ಜನರಿಗೆ ಇದನ್ನು ಯಾರೂ ಬೋಧಿಸಬೇಕಾಗಿಲ್ಲ. ಆದರೆ ಧರ್ಮಸಭೆಯ ಒಬ್ಬ ನಾಯಕರು ತೆರಳಿ ಮತ್ತೊಬ್ಬರು ಬರುವ ನಡುವಣ ಕಾಲದಲ್ಲಿ ಮಾತ್ರ ಬಹುಮಂದಿ ಭಕ್ತಾದಿಗಳು ಆ ಪರಊರಿನವರಂತೆ ಕೈಕಟ್ಟಿ ನಿಲ್ಲುತ್ತಾರೆ. ಹೊಸ ಧರ್ಮಾಧ್ಯಕ್ಷರು ಬರಲಿ, ಆಮೇಲೆ ನೋಡೋಣ ಎನ್ನುವ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ.

ಬೆಳಗಾವಿ ಧರ್ಮಪ್ರಾಂತ್ಯದ ಮಟ್ಟಿಗೆ ಈ ಮಾತು ಎಷ್ಟು ದುಬಾರಿಯೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 1967ರಿಂದ ಇಪ್ಪತ್ತೇಳು ವರ್ಷ ಈ ಪ್ರಾಂತ್ಯವನ್ನು ನಡೆಸಿದ ಪರಮಪೂಜ್ಯ ಇಗ್ನೇಷಿಯಸ್ ಲೋಬೊ ಅವರು 1994ರ ಡಿಸೆಂಬರಿನಲ್ಲಿ ನಿವೃತ್ತರಾದರು. ಅವರ ಉತ್ತರಾಧಿಕಾರಿಯಾಗಿ ಪರಮಪೂಜ್ಯ ಬರ್ನಾರ್ಡ್ ಮೊರಾಸ್ ಅವರ ನೇಮಕವಾದದ್ದು 1996ರ ನವೆಂಬರಿನ ಕೊನೆಗೆ. ಅವರು 2004ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಪರಮಪೂಜ್ಯ ಪೀಟರ್ ಮಚಾದೊ ಅವರ ನೇಮಕಕ್ಕೆ 2006ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಅವರೂ 2018ರ ಮಾರ್ಚಿನಲ್ಲಿ ಅದೇ ಬೆಂಗಳೂರಿನ ಪೀಠಕ್ಕೆ ನಿಯುಕ್ತರಾದರು. ಪರಮಪೂಜ್ಯ ಡೆರೆಕ್ ಫೆರ್ನಾಂಡಿಸ್ ಅವರ ಹೆಸರು ಪ್ರಕಟವಾದದ್ದು 2019ರ ಮೇ ತಿಂಗಳಲ್ಲಿ. ಒಂದು ನೇಮಕದಿಂದ ಇನ್ನೊಂದು ನೇಮಕದವರೆಗಿನ ಈ ಅಂತರಗಳನ್ನೆಲ್ಲ ಕೂಡಿಸಿದರೆ ಇಪ್ಪತ್ತೈದು ವರ್ಷಗಳಲ್ಲಿ ನಾಲ್ಕಕ್ಕೂ ಹೆಚ್ಚು ವರ್ಷ ಕಾಯುವುದರಲ್ಲೇ ಕಳೆದಿದೆ. ಕೈಕಟ್ಟಿ ನಿಲ್ಲುವವರು ಅಷ್ಟೂ ಕಾಲ ನಿಲ್ಲಬೇಕಾಗುತ್ತಿತ್ತು.

ಈ ಪ್ರಾಂತ್ಯದ ಹುಟ್ಟು ಕೂಡ ಒಂದು ಸ್ಥಿತ್ಯಂತರದಲ್ಲಿಯೇ ಆದುದೆಂಬುದನ್ನು ಇಂದಿನ ತಲೆಮಾರು ಮರೆತಂತಿದೆ. ಗೋವೆಯ ಮಹಾಧರ್ಮಪ್ರಾಂತ್ಯದ ಆಡಳಿತವು ಪೋರ್ತುಗೀಜರ ಗಡಿಯನ್ನು ದಾಟಿ ಭಾರತದ ನೆಲದಲ್ಲಿಯೂ ಹಬ್ಬಿದ್ದ ಕಾಲವದು. ದೇಶ ಸ್ವತಂತ್ರವಾದ ಮೇಲೆ ಆ ಏರ್ಪಾಡು ಬಹುಕಾಲ ಉಳಿಯುವಂತಿರಲಿಲ್ಲ. 1953ರ ಸೆಪ್ಟೆಂಬರ್ 19ರಂದು ಬೆಳಗಾವಿಯನ್ನು ಗೋವೆಯಿಂದ ಬೇರ್ಪಡಿಸಿ ಸ್ವತಂತ್ರ ಧರ್ಮಪ್ರಾಂತ್ಯವನ್ನಾಗಿ ಮಾಡಲಾಯಿತು. ಪರಮಪೂಜ್ಯ ಮೈಕೆಲ್ ರೊಡ್ರಿಗಸ್ ಅವರು ಪ್ರಥಮ ಧರ್ಮಾಧ್ಯಕ್ಷರಾದರು. ಆಗ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮೂರು ವರ್ಷಗಳ ಬಳಿಕ, 1956ರಲ್ಲಿ, ಮೈಸೂರು ರಾಜ್ಯಕ್ಕೆ ಸೇರಿತು. ಗೋವೆ ಪೋರ್ತುಗೀಜರಿಂದ ಬಿಡುಗಡೆ ಹೊಂದಿದ್ದು 1961ರಲ್ಲಿ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. ಹತ್ತು ವರ್ಷಗಳ ಅವಧಿಯಲ್ಲಿ ಪ್ರಾಂತ್ಯ ಬದಲಾಯಿತು, ರಾಜ್ಯ ಬದಲಾಯಿತು, ಆರಾಧನೆಯ ಭಾಷೆಯೂ ಬದಲಾಗತೊಡಗಿತು. ಇವುಗಳಲ್ಲಿ ಒಂದನ್ನೂ ಸಾಮಾನ್ಯ ಭಕ್ತರು ಕೇಳಿ ಪಡೆದುದಲ್ಲ. ಆದರೂ ಅವರು ಶಿಶುಗಳಿಗೆ ದೀಕ್ಷಾಸ್ನಾನ ಕೊಡಿಸಿದರು, ಸತ್ತವರನ್ನು ಪ್ರಾರ್ಥನೆಯೊಡನೆ ಮಣ್ಣು ಮಾಡಿದರು, ಭಾನುವಾರವನ್ನು ಬಿಡಲಿಲ್ಲ. ಪ್ರಗತಿಯೆಂದರೆ ಕಟ್ಟಡವೆಂದು ತಿಳಿಯುವ ಈ ದಿನಗಳಲ್ಲಿ ಆ ಹಿರಿಯರ ಸಾಧನೆಗೆ ಹೆಸರಿಡುವುದು ಕಷ್ಟ.

ಪೀಠ ಬರಿದಾದಾಗ ಏನಾಗಬೇಕೆಂಬುದನ್ನು 1983ರ ಧರ್ಮಸಭೆಯ ಶಾಸನ ಸಂಹಿತೆಯು ವಿವರವಾಗಿ ಹೇಳುತ್ತದೆ. ವರ್ಗಾವಣೆಗೊಂಡ ಧರ್ಮಾಧ್ಯಕ್ಷರು ಹೊಸ ಪೀಠವನ್ನು ಅಲಂಕರಿಸಿದ ದಿನವೇ ಹಳೆಯ ಪೀಠ ಬರಿದಾಗುತ್ತದೆ. ಸುದ್ದಿ ತಲುಪಿದ ಎಂಟು ದಿನಗಳೊಳಗೆ ಸಲಹಾ ಗುರುಗಳ ಮಂಡಳಿಯು ಒಬ್ಬ ಆಡಳಿತಾಧಿಕಾರಿಯನ್ನು ಆರಿಸಬೇಕು. ಅವರಿಗೆ ಮೂವತ್ತೈದು ವರ್ಷ ತುಂಬಿರಬೇಕು. ಕೆಲವೊಮ್ಮೆ ಜಗದ್ಗುರುಗಳೇ ನೇರವಾಗಿ ಪ್ರೇಷಿತ ಆಡಳಿತಾಧಿಕಾರಿಯನ್ನು ನೇಮಿಸುವುದುಂಟು. ಹೀಗೆ ಆಯ್ಕೆಯಾದವರು ನಡೆಸುವ ಅವಧಿಯಲ್ಲಿ ಹೊಸದಾಗಿ ಏನನ್ನೂ ಮಾರ್ಪಡಿಸತಕ್ಕದ್ದಲ್ಲ ಎಂಬುದು 428ನೆಯ ವಿಧಿ. ಪೀಠ ಬರಿದಾಗಿ ಒಂದು ವರ್ಷ ಕಳೆಯುವವರೆಗೆ ಅವರು ಹೊಸ ವಿಚಾರಣಾ ಗುರುಗಳನ್ನು ಸ್ವತಂತ್ರವಾಗಿ ನೇಮಿಸುವಂತೆಯೂ ಇಲ್ಲ. ಆದ್ದರಿಂದ ಬೆಳಗಾವಿಯಿಂದ ಸುಮಾರು ನೂರು ಕಿಲೋಮೀಟರು ದೂರದ ಗಡಿಯೂರುಗಳಿಗೂ ಪೀಠದ ಬರಿದುತನ ತಟ್ಟದೆ ಇರುವುದಿಲ್ಲ.

ಈ 428ನೆಯ ವಿಧಿಯನ್ನು ಜನರು ತಪ್ಪಾಗಿ ತಿಳಿಯುವುದೇ ಹೆಚ್ಚು. ಏನನ್ನೂ ಮಾರ್ಪಡಿಸಬಾರದೆಂದರೆ ಏನನ್ನೂ ಮಾಡಬಾರದೆಂದಲ್ಲ. ಅದೇ ವಿಧಿಯ ಎರಡನೆಯ ಭಾಗ ಆಡಳಿತ ಕಚೇರಿಯ ದಾಖಲೆಗಳನ್ನು ತೆಗೆಯುವುದನ್ನೂ ನಾಶಪಡಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ಎಂದರೆ, ಬರಲಿರುವವರ ಕೈಯನ್ನು ಮೊದಲೇ ಕಟ್ಟಿಹಾಕದಿರುವುದು, ಹೋದವರ ಬರಹವನ್ನು ಅಳಿಸದಿರುವುದು ವಿಧಿಯ ಉದ್ದೇಶ. ನಡೆಯುತ್ತಿದ್ದ ಧರ್ಮೋಪದೇಶದ ತರಗತಿ, ರೋಗಿಗಳ ಭೇಟಿ, ಬಡ ಮಕ್ಕಳ ಶಾಲಾ ಶುಲ್ಕ ಇವುಗಳಿಗೆ ಅದು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ನಮ್ಮ ಜನರ ಸೋಮಾರಿತನ. ಅದಕ್ಕೆ ಶಾಸನದ ಹೆಸರು ಕೊಡುವುದು ನ್ಯಾಯವಲ್ಲ.

ಬಲಿಪೂಜೆಯಲ್ಲಿ ಈ ಬರಿದುತನವು ಕಿವಿಗೇ ಕೇಳಿಸುತ್ತದೆ. ಮಹಾಪ್ರಾರ್ಥನೆಯಲ್ಲಿ ಜಗದ್ಗುರುಗಳ ಹೆಸರಿನ ಬಳಿಕ ಸ್ಥಳೀಯ ಧರ್ಮಾಧ್ಯಕ್ಷರ ಹೆಸರನ್ನು ಹೇಳುವುದು ಕ್ರಮ. ಪೀಠ ಬರಿದಾಗಿದ್ದರೆ ಆ ಹೆಸರು ಬಿಟ್ಟುಹೋಗುತ್ತದೆ. ಅಭ್ಯಾಸಬಲದಿಂದ ಹಳೆಯ ಹೆಸರು ನಾಲಗೆಯ ತುದಿಗೆ ಬರುವುದು ಗುರುಗಳೆಲ್ಲರ ಅನುಭವ. 2025ರ ಏಪ್ರಿಲ್ 21ರಂದು ಜಗದ್ಗುರು ಫ್ರಾನ್ಸಿಸ್ ಅವರು ದೈವಾಧೀನರಾದಾಗ ಇದು ವಿಶ್ವದ ಎಲ್ಲ ಬಲಿಪೀಠಗಳ ಅನುಭವವಾಯಿತು. ಮೇ 8ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರ ಆಯ್ಕೆಯಾಗುವವರೆಗೆ ಆ ಹೆಸರಿನ ಜಾಗ ಖಾಲಿಯಿತ್ತು. ಆದರೆ ಒಂದು ದಿನವೂ ಬಲಿಪೂಜೆ ನಿಲ್ಲಲಿಲ್ಲ. ಯೂಕರಿಸ್ತ್ ಎಂಬ ಗ್ರೀಕ್ ಮೂಲದ ಪದಕ್ಕೆ ಕೃತಜ್ಞತೆ ಸಲ್ಲಿಸುವುದೆಂದೇ ಅರ್ಥ. ಹೆಸರು ಹೇಳಲಾಗದ ದಿನಗಳಲ್ಲಿಯೂ ಕೃತಜ್ಞತೆಯನ್ನು ಮಾತ್ರ ಸಲ್ಲಿಸುತ್ತಲೇ ಇರಬೇಕಾಗುತ್ತದೆ.

ಕೃತಜ್ಞತೆಯ ಮಾತು ಬಂತಾದ್ದರಿಂದ ಗುರುಮಠದಲ್ಲಿ ನಾವು ಓದಿದ ತತ್ವಶಾಸ್ತ್ರದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಸಂತ ಥಾಮಸ್ ಅಕ್ವಿನಾಸರು ಕೃತಜ್ಞತೆಯನ್ನು ನ್ಯಾಯವೆಂಬ ಸದ್ಗುಣಕ್ಕೆ ಸೇರಿದುದೆಂದು ವಿವೇಚಿಸಿದ್ದಾರೆ. ಅಲ್ಲಿ ಅವರು ಎತ್ತುವ ಒಂದು ಪ್ರಶ್ನೆ ಬಹಳ ವ್ಯಾವಹಾರಿಕವಾದುದು: ಉಪಕಾರವನ್ನು ಒಡನೆಯೇ ತೀರಿಸಬೇಕೇ? ಹೃದಯದ ಮನ್ನಣೆ ಒಡನೆಯೇ ಸಲ್ಲಬೇಕು, ಪ್ರತಿಫಲ ಮಾತ್ರ ತಕ್ಕ ಕಾಲದಲ್ಲಿ ಸಲ್ಲಬೇಕು ಎಂಬುದು ಅವರ ಉತ್ತರ. ತೀರಿಸಲು ಆತುರಪಡುವವನು ಋಣಿಯಾಗಿರಲು ಮನಸ್ಸಿಲ್ಲದವನು ಎಂಬ ಭಾವದ ಮಾತನ್ನು ರೋಮಿನ ದಾರ್ಶನಿಕ ಸೆನೆಕನಿಂದ ಅವರು ಎತ್ತಿಕೊಳ್ಳುತ್ತಾರೆ. ನಮ್ಮ ಬೀಳ್ಕೊಡುಗೆ ಸಮಾರಂಭಗಳನ್ನು ಕಂಡವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರ, ಒಂದು ಸಾಮೂಹಿಕ ಭಾವಚಿತ್ರ, ಊಟ; ಸಂಜೆಯೊಳಗೆ ಋಣ ಚುಕ್ತಾ. ಮರುದಿನದಿಂದ ಆ ಗುರುಗಳು ಆರಂಭಿಸಿದ ಓದುವ ಕೋಣೆಯ ಬೀಗ ತೆರೆಯುವವರಿಲ್ಲ. ಶಾಲಿಗೆ ನಮ್ಮ ವಿರೋಧವಿಲ್ಲ, ಬೆಳಗಾವಿಯ ಚಳಿಗಾಲಕ್ಕೆ ಅದು ಬೇಕಾದದ್ದೇ. ಆದರೆ ಶಾಲು ಹೊದಿಸಿದ ಮಾತ್ರಕ್ಕೆ ಋಣ ತೀರಿತೆಂದು ತಿಳಿದರೆ ಸೆನೆಕ ಹೇಳಿದ ಆತುರಗಾರರ ಸಾಲಿಗೆ ಸೇರಿದಂತೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಪೌಲರ ಬೀಳ್ಕೊಡುಗೆಯೊಂದಿದೆ. ಎಫೆಸದ ಸಭಾಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡ ಪೌಲರು ಅವರಿಗೆ ಲೆಕ್ಕ ಒಪ್ಪಿಸುತ್ತಾರೆ: ಯಾರ ಬೆಳ್ಳಿಬಂಗಾರಕ್ಕೂ ಆಸೆಪಟ್ಟಿಲ್ಲ, ತಮ್ಮ ಕೈಗಳಿಂದಲೇ ದುಡಿದು ಉಂಡಿದ್ದಾರೆ. ಮಂದೆಯ ಹೊಣೆಯನ್ನೂ ಆ ಹಿರಿಯರಿಗೇ ವಹಿಸುತ್ತಾರೆ. ಅವರು ಅತ್ತರು, ಅಪ್ಪಿಕೊಂಡರು, ಹಡಗಿನವರೆಗೂ ಹೋಗಿ ಕಳುಹಿಸಿದರು. ಕಣ್ಣೀರಿಗೆ ಮೊದಲು ಲೆಕ್ಕಪತ್ರ ಬಂದಿತೆಂಬುದನ್ನು ನಮ್ಮ ಸನ್ಮಾನ ಸಮಿತಿಗಳು ಗಮನಿಸಬೇಕು.

ಇನ್ನು ಅಷ್ಟಾಗಿ ಚರ್ಚೆಗೆ ಬಾರದ ಒಂದು ಋಣವಿದೆ. 1976ರಲ್ಲಿ ಬೆಳಗಾವಿ ಪ್ರಾಂತ್ಯದಿಂದ ಉತ್ತರ ಕನ್ನಡವನ್ನು ಬೇರ್ಪಡಿಸಿ ಕಾರವಾರ ಧರ್ಮಪ್ರಾಂತ್ಯವನ್ನು ರಚಿಸಲಾಯಿತು. ಹಾಗಾಗಿ ಕಾರವಾರ ಬೆಳಗಾವಿಯ ಮಗಳು. 2006ರಲ್ಲಿ ಬೆಳಗಾವಿಗೆ ಬಂದ ಪೀಟರ್ ಮಚಾದೊ ಅವರು ಹೊನ್ನಾವರದಲ್ಲಿ ಜನಿಸಿದವರು, ಕಾರವಾರ ಪ್ರಾಂತ್ಯದ ಗುರುಗಳಾಗಿದ್ದವರು. 2019ರಲ್ಲಿ ಬಂದ ಡೆರೆಕ್ ಫೆರ್ನಾಂಡಿಸ್ ಅವರು 2007ರಿಂದ ಕಾರವಾರದ ಧರ್ಮಾಧ್ಯಕ್ಷರೇ ಆಗಿದ್ದವರು. ತಾಯಿಮನೆಯ ಅಗತ್ಯಕ್ಕೆ ಮಗಳು ಒಮ್ಮೆ ತನ್ನ ಗುರುವನ್ನೂ ಮತ್ತೊಮ್ಮೆ ತನ್ನ ಧರ್ಮಾಧ್ಯಕ್ಷರನ್ನೂ ಕೊಟ್ಟಳು. ಬೆಳಗಾವಿಯಲ್ಲಿ ಸ್ವಾಗತದ ಸಂಭ್ರಮ ನಡೆದ ಆ ವರ್ಷ ಕಾರವಾರದ ಪೀಠ ಬರಿದಾಯಿತು. ಅಲ್ಲಿಗೆ ಪರಮಪೂಜ್ಯ ಡುಮಿಂಗ್ ಡಾಯಸ್ ಅವರ ನೇಮಕವಾದದ್ದು 2024ರ ಜನವರಿಯಲ್ಲಿ. ನಾಲ್ಕೂವರೆ ವರ್ಷಕ್ಕೂ ಮಿಗಿಲಾದ ಕಾಯುವಿಕೆ! ಬೆಂಗಳೂರು ತನ್ನಿಂದ ಎರಡು ಬಾರಿ ಧರ್ಮಾಧ್ಯಕ್ಷರನ್ನು ಕರೆದೊಯ್ದಿತೆಂದು ಬೆಳಗಾವಿಯ ಭಕ್ತರು ಹೆಮ್ಮೆಯಿಂದಲೂ ತುಸು ಬೇಸರದಿಂದಲೂ ಹೇಳಿಕೊಳ್ಳುವುದುಂಟು. ಕಾರವಾರದ ಭಕ್ತರೂ ಹಾಗೆ ಹೇಳಿಕೊಳ್ಳಬಹುದೆಂಬುದು ಅವರ ಗಮನಕ್ಕೆ ಬಂದಿದೆಯೇ ಎಂಬ ಸಂಶಯ ನಮಗಿದೆ. ಹೊಸಬರ ಸ್ವಾಗತಕ್ಕೆ ತೋರಣ ಕಟ್ಟುವಾಗ ಅವರನ್ನು ಬಿಟ್ಟುಕೊಟ್ಟ ಮನೆಯವರಿಗೆ ಒಂದು ಕೃತಜ್ಞತಾ ಪತ್ರವನ್ನಾದರೂ ಬರೆಯುವುದು ಪದ್ಧತಿಯಾಗಬೇಕು. ಧರ್ಮಕೇಂದ್ರಗಳ ಮಟ್ಟದಲ್ಲಿಯೂ ಇದು ಸಲ್ಲುತ್ತದೆ. ನಮಗೆ ಬಂದ ಗುರುಗಳು ಎಲ್ಲಿಂದಲೋ ಎದ್ದು ಬಂದವರು. ಅಲ್ಲೊಬ್ಬ ಮುದುಕಿ ತನ್ನ ಕೊನೆಯ ಅಭ್ಯಂಗನಕ್ಕೆ ಇದೇ ಗುರುಗಳು ಬರುವರೆಂದು ನಂಬಿ ಕುಳಿತಿರಬಹುದು.

ನದಿಯು ಪೀಠ ತುಂಬಿದೆಯೋ ಬರಿದಾಗಿದೆಯೋ ಎಂದು ಕೇಳಿ ಬರುವುದಿಲ್ಲ. 2005ರ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ಅಥಣಿ, ರಾಯಬಾಗ ಭಾಗದ ಹಳ್ಳಿಗಳು ಜಲಾವೃತವಾದಾಗ ಬೆಳಗಾವಿಗೆ ಧರ್ಮಾಧ್ಯಕ್ಷರಿರಲಿಲ್ಲ. 2019ರ ಆಗಸ್ಟಿನ ಮಹಾಪೂರ ಬಂದಾಗ ಹೊಸಬರ ನೇಮಕವಾಗಿ ಮೂರು ತಿಂಗಳಷ್ಟೇ ಕಳೆದಿತ್ತು. ನೀರು ಮೆಟ್ಟಿಲು ಹತ್ತುವ ರಾತ್ರಿ ಶಾಲೆಯ ಬಾಗಿಲು ತೆರೆದು ನೆರೆಯವರನ್ನು, ಅವರು ಜೈನರಿರಲಿ, ಲಿಂಗಾಯತರಿರಲಿ, ಮುಸಲ್ಮಾನರಿರಲಿ, ಒಳಗೆ ಕರೆಯುವುದಕ್ಕೆ ಯಾವ ಪೀಠದ ಸಹಿಯೂ ಬೇಕಾಗಿಲ್ಲ. ಕ್ರೈಸ್ತರು ವಿರಳವಾಗಿರುವ ಈ ಗಡಿಭಾಗದಲ್ಲಿ ಧರ್ಮಸಭೆಯೆಂದರೆ ನೆರೆಯವರ ಕಣ್ಣಿಗೆ ಕಾಣುವುದು ಪ್ರಧಾನಾಲಯವಲ್ಲ, ಪಕ್ಕದ ಮನೆಯ ಕುಟುಂಬ.

ಹೊಸ ಹೆಸರು ಪ್ರಕಟವಾದೊಡನೆ ಎಲ್ಲೆಡೆಯೂ ಏಳುವ ಮೊದಲ ಪ್ರಶ್ನೆ, ಅವರು ಯಾವ ಭಾಷೆಯವರು? ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಛಾವಣಿಯಡಿ ಪ್ರಾರ್ಥಿಸುವ ಪ್ರಾಂತ್ಯದಲ್ಲಿ ಈ ಪ್ರಶ್ನೆ ಸಹಜ. ಗಡಿಯ ಕನ್ನಡಿಗರಿಗೆ ತಮ್ಮ ನುಡಿಯಲ್ಲಿ ಪೂಜೆ ಬೇಕೆಂಬುದು ಸಣ್ಣ ಬೇಡಿಕೆಯೂ ಅಲ್ಲ. ಆದರೆ ಅದನ್ನು ಬರುವವರ ಹುಟ್ಟೂರಿನೊಂದಿಗೆ ತಳಕು ಹಾಕುವುದು ಸರಿಯಲ್ಲ. 1996ರಲ್ಲಿ ಬಂದವರು ದಕ್ಷಿಣ ಕನ್ನಡದವರು, 2006ರಲ್ಲಿ ಬಂದವರು ಉತ್ತರ ಕನ್ನಡದವರು. ಕನ್ನಡದ ಹಾಡುಗಾರರ ತಂಡ, ಕನ್ನಡದಲ್ಲಿ ಉಪದೇಶ ಹೇಳಬಲ್ಲ ಉಪದೇಶಿ ಊರಿನಲ್ಲಿ ಸಿದ್ಧರಿದ್ದರೆ ಯಾವ ಊರಿನ ಧರ್ಮಾಧ್ಯಕ್ಷರೂ ಅದನ್ನು ಬೇಡವೆನ್ನಲಾರರು. ಅವರನ್ನು ಸಿದ್ಧಪಡಿಸುವುದಕ್ಕೆ ಕಾಯುವ ಕಾಲಕ್ಕಿಂತ ಒಳ್ಳೆಯ ಕಾಲವಿಲ್ಲ.

ಕೊನೆಯದಾಗಿ ದಾಖಲೆ ಪುಸ್ತಕಗಳ ವಿಷಯ. ದೀಕ್ಷಾಸ್ನಾನ, ವಿವಾಹ, ಮರಣ ಈ ಮೂರರ ದಾಖಲೆಯನ್ನು ಪ್ರತಿ ಧರ್ಮಕೇಂದ್ರವೂ ಇಟ್ಟಿರಬೇಕು. ಆಸ್ತಿಪಾಸ್ತಿಯ ಹೊಣೆ ಹೊರುವವರು ಮೊದಲು ಎಲ್ಲ ವಸ್ತುಗಳ ಪಟ್ಟಿ ಮಾಡಿ ಸಹಿ ಹಾಕಬೇಕು. ಗುರುಗಳು ಬದಲಾಗುವ ಸಮಯದಲ್ಲಿ ಹಿರಿಯರು ಈ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಬ್ಬ ವ್ಯಕ್ತಿಗೆ ಒಂದೇ ಸಾಲು. ಶಿಶುವಿನ ಹೆಸರನ್ನು ಒಬ್ಬ ಗುರುಗಳು ಬರೆದಿರುತ್ತಾರೆ. ಹತ್ತು ಹದಿನೈದು ವರ್ಷಗಳ ಮೇಲೆ ದೃಢೀಕರಣದ ದಿನಾಂಕವನ್ನು ಅಂಚಿನಲ್ಲಿ ಇನ್ನೊಬ್ಬರು ಸೇರಿಸುತ್ತಾರೆ, ವಿವಾಹದ ವಿವರವನ್ನು ಮತ್ತೊಬ್ಬರು. ಮೂರು ಕೈಬರಹ, ಮೂರು ಶಾಯಿ. ಹೊಸದಾಗಿ ಬರುವ ಗುರುಗಳಿಗೆ ಮೊದಲು ಒಪ್ಪಿಸಬೇಕಾದದ್ದು ಆ ಪುಸ್ತಕ, ಮತ್ತು ಅದರೊಡನೆ ಶಾಯಿ ಇರುವ ಒಂದು ಪೆನ್ನು.