ಆಟವನ್ನೇ ನೌಕರಿ ಮಾಡಿಕೊಂಡ ಬಡೇ ಮಿಯಾ

ಅಂದು 2023ರ ಆಗಸ್ಟ್ 15. ಬೆಳಿಗ್ಗೆ ಅಪಾರ್ಟ್‌ಮೆಂಟಿನಲ್ಲಿ ಧ್ವಜಾರೋಹಣ, ಮಧ್ಯಾಹ್ನ ಮನೆಯಲ್ಲಿ ಒಬ್ಬಟ್ಟಿನ ಊಟ. ರಾತ್ರಿ ಪಾತ್ರೆ ಎತ್ತಿಡುತ್ತಿದ್ದಾಗ ಪುಣೆಯಿಂದ ಮಗನ ಫೋನ್ ಬಂತು. "ಅಮ್ಮಾ, ಹಬೀಬ್ ಹೋಗಿಬಿಟ್ಟರಂತೆ, ನಮ್ಮ ಹೈದರಾಬಾದಿನಲ್ಲೇ." "ಯಾರಪ್ಪ, ನಮ್ಮ ಟೈಲರ್ ಹಬೀಬ್ ಭಾಯಿನಾ?" ಎಂದೆ ಗಾಬರಿಯಿಂದ. ಅವನು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫುಟ್‌ಬಾಲ್ ಹಬೀಬ್ ಅಮ್ಮಾ. ತಾತ ಹೇಳುತ್ತಿದ್ದರಲ್ಲ, ಬಡೇ ಮಿಯಾ" ಎಂದ.

ಮದುವೆಯಾಗಿ ಈ ಊರಿಗೆ ಬಂದು ಮೂವತ್ತು ವರ್ಷ ದಾಟಿದೆ. ಚಾರ್‌ಮಿನಾರ್, ಬಳೆ, ಬಿರಿಯಾನಿಗಳ ಬಗ್ಗೆ ಊರಿನಿಂದ ಬಂದ ನೆಂಟರಿಗೆ ಗಂಟೆಗಟ್ಟಲೆ ಹೇಳಬಲ್ಲೆ. ಆದರೆ ಇದೇ ಊರಿನಲ್ಲಿ ಹುಟ್ಟಿ ಇದೇ ಊರಿನಲ್ಲಿ ಕಣ್ಮುಚ್ಚಿದ ಇಂಥ ಆಟಗಾರನ ಬಗ್ಗೆ ಎರಡು ಮಾತು ಹೇಳಲೂ ನನಗೆ ತಿಳಿದಿರಲಿಲ್ಲ. ಮಗನ ದನಿಯಲ್ಲಿದ್ದ ನೋವು ಮನಸ್ಸಿಗೆ ನಾಟಿತು. ಅದಕ್ಕೆ ಒಂದು ಕಾರಣವೂ ಇತ್ತು, ಮುಂದೆ ಹೇಳುತ್ತೇನೆ. ಆ ರಾತ್ರಿಯಿಂದ ಹಬೀಬರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಮೊದಲು ಊರಿನ ವಿಷಯ. ನಮ್ಮ ಮಾವನವರು ಬದುಕಿದ್ದಾಗ "ಫತೇ ಮೈದಾನ್ ಅಂದರೆ ನಿಮಗೆಲ್ಲ ಕ್ರಿಕೆಟ್, ನಮಗೆ ಫುಟ್‌ಬಾಲ್" ಎನ್ನುತ್ತಿದ್ದರು. ಅದು ಬರೀ ಮುದುಕರ ಬಡಾಯಿಯಲ್ಲ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. ಆ ತಂಡವನ್ನು ತಿದ್ದಿದವರು ಶಾಲೆಯಲ್ಲಿ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಂ. 2024ರಲ್ಲಿ ಬಂದ 'ಮೈದಾನ್' ಸಿನಿಮಾ ಇವರದೇ ಕಥೆ. ಇವರ ತರಬೇತಿಯಲ್ಲಿ ಭಾರತ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಕನ್ನಡಿಗರಾದ ನಾವು ಹೆಮ್ಮೆಪಡುವ ಸಂಗತಿಯೂ ಇಲ್ಲಿದೆ. ಮೆಲ್ಬರ್ನಿಗೆ ಹೋದ ಆ ತಂಡದ ನಡುಭಾಗದಲ್ಲಿ ಹೈದರಾಬಾದಿನ ನೂರ್ ಮೊಹಮ್ಮದ್ ಅವರ ಜೊತೆ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಕೆಂಪಯ್ಯ ಮುಂದೆ 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು.

ರಹೀಂ ಸಾಹೇಬರು 1963ರ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮೊಹಮ್ಮದ್ ಹಬೀಬ್‌ಗೆ ಇನ್ನೂ 14 ತುಂಬಿರಲಿಲ್ಲ. 1949ರ ಜುಲೈ 17ರಂದು ಹುಟ್ಟಿದ ಹುಡುಗ. ಅಣ್ಣತಮ್ಮಂದಿರೂ ಕಾಲ್ಚೆಂಡಿನವರೇ. ಹದಿನೇಳರ ವಯಸ್ಸಿಗೆ, ಅಂದರೆ 1966ರಲ್ಲಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಗನನ್ನು ಒಬ್ಬನೇ ಬಸ್ಸಿನಲ್ಲಿ ರಾಯಚೂರಿಗೆ ಕಳಿಸಲೂ ಹಿಂದೆಮುಂದೆ ನೋಡುತ್ತೇವೆ!

ಫುಟ್‌ಬಾಲ್ ನೋಡದ ನನ್ನಂಥ ಗೃಹಿಣಿಯರಿಗೆ ಮಿಡ್‌ಫೀಲ್ಡರ್ ಎಂದರೆ ಯಾರು ಎಂದು ಹೇಳಿಬಿಡುತ್ತೇನೆ. ಮದುವೆಮನೆಯ ಊಟ ನೆನಪಿಸಿಕೊಳ್ಳಿ. ಒಳಗೆ ಅಡುಗೆ ಭಟ್ಟರು, ಹೊರಗೆ ಪಂಕ್ತಿ. ಈ ಎರಡರ ನಡುವೆ ಸಾರಿನ ಬಕೆಟ್ ಹಿಡಿದು ಓಡಾಡುವ ಹುಡುಗ ಒಬ್ಬನಿರುತ್ತಾನೆ. ಯಾವ ಎಲೆಯಲ್ಲಿ ಅನ್ನ ಮುಗಿದಿದೆ, ಯಾರಿಗೆ ಏನು ಬೇಕು ಎನ್ನುವುದು ಅವನಿಗೇ ಮೊದಲು ಗೊತ್ತಾಗುತ್ತದೆ. ಅವನು ನಿಂತರೆ ಪಂಕ್ತಿಯೇ ನಿಂತಂತೆ. ಆದರೂ ಊಟ ಮುಗಿದ ಮೇಲೆ ಹೊಗಳಿಕೆ ಭಟ್ಟರಿಗೆ. ಮೈದಾನದ ನಡುವೆ ಆಡುವವನ ಪಾಡೂ ಇದೇ. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಮುಟ್ಟಿಸಬೇಕು. ಚೆಂಡು ಕೈತಪ್ಪಿದರೆ ಓಡಿಹೋಗಿ ಕಸಿದು ತರಬೇಕು. ಹೀಗೆ ಒಂದೂವರೆ ಗಂಟೆ. ಹಬೀಬ್ ಇದನ್ನು ಮಾಡುತ್ತ ಜೊತೆಗೆ ಗೋಲುಗಳನ್ನೂ ಹೊಡೆಯುತ್ತಿದ್ದರು. ಆಳೇನೂ ಎತ್ತರವಲ್ಲ. ತನಗಿಂತ ದೊಡ್ಡ ಆಳುಗಳ ನಡುವೆ ಹೆದರದೆ ನುಗ್ಗುವುದು, ಕೊನೆಯ ಸೀಟಿಯವರೆಗೂ ದಣಿವು ತೋರದಿರುವುದು ಅವರ ಗುಣ ಎಂದು ಜೊತೆಗೆ ಆಡಿದವರೆಲ್ಲ ಹೇಳುತ್ತಾರೆ.

ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು, ಮೋಹನ್ ಬಾಗಾನ್ ಗೆದ್ದರೆ ಸೀಗಡಿ ಎಂದು ಅಡುಗೆಮನೆಯೂ ಎರಡು ಪಕ್ಷವಂತೆ. ಅಂಥ ಊರಿನಲ್ಲಿ ಹಬೀಬ್ ಈ ಎರಡೂ ಕ್ಲಬ್ಬುಗಳಿಗೆ, ಜೊತೆಗೆ ಮೊಹಮ್ಮಡನ್ ಸ್ಪೋರ್ಟಿಂಗ್‌ಗೂ ಆಡಿದರು. ಹೀಗಿದ್ದೂ ಮೂರೂ ಕಡೆಯವರಿಗೆ ಅವರು 'ಬಡೇ ಮಿಯಾ' ಆಗಿಯೇ ಉಳಿದರು. ಈಸ್ಟ್ ಬೆಂಗಾಲ್ 1970ರಿಂದ 1975ರವರೆಗೆ ಸತತ ಆರು ಸಲ ಕಲ್ಕತ್ತಾ ಲೀಗ್ ಗೆದ್ದಿತು. ಅದರಲ್ಲಿ ಮೊದಲ ಐದು ವರ್ಷ ಹಬೀಬ್ ಆ ತಂಡದಲ್ಲಿದ್ದರು. 1976ರಲ್ಲಿ ಮೋಹನ್ ಬಾಗಾನ್‌ಗೆ ಬಂದರು, ಆ ವರ್ಷ ಲೀಗ್ ಅವರದಾಯಿತು. ಆ ಸಲದ ಈಸ್ಟ್ ಬೆಂಗಾಲ್ ವಿರುದ್ಧದ ಪಂದ್ಯದಲ್ಲಿ ಇವರ ತಮ್ಮ ಅಕ್ಬರ್ 17ನೆಯ ಸೆಕೆಂಡಿಗೇ ಗೋಲು ಹೊಡೆದರು. ಜನ ಇನ್ನೂ ಸರಿಯಾಗಿ ಕೂತಿರಲೂ ಇಲ್ಲವೇನೋ! ದೇಶಕ್ಕೆ ಆಡಿದ್ದರಲ್ಲಿ ಮುಖ್ಯವಾದದ್ದು 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಕಂಚು. ಆ ತಂಡದ ನಾಯಕ ಸೈಯದ್ ನಯೀಮುದ್ದೀನ್ ಕೂಡ ಹೈದರಾಬಾದಿನವರೇ. ಅದಾದ ಮೇಲೆ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಫುಟ್‌ಬಾಲ್ ಪದಕ ಸಿಕ್ಕಿಲ್ಲ.

ನನ್ನ ಮಗನಿಗೆ ಬಾಯಿಪಾಠವಾಗಿರುವ ಪಂದ್ಯ 1977ರ ಸೆಪ್ಟೆಂಬರ್ 24ರದು. ಅಮೆರಿಕದ ನ್ಯೂಯಾರ್ಕ್ ಕಾಸ್ಮಾಸ್ ತಂಡದ ಜೊತೆ ಸಾಕ್ಷಾತ್ ಪೆಲೆ ಕಲ್ಕತ್ತೆಗೆ ಬಂದಿದ್ದರು. ಈಡನ್ ಗಾರ್ಡನ್ಸ್ ಮಳೆಯಿಂದ ಕೆಸರಾಗಿತ್ತು. ಎಲ್ಲರೂ ಪೆಲೆಯನ್ನು ಕಣ್ತುಂಬ ನೋಡಿದರೆ ಸಾಕು ಎಂದುಕೊಂಡಿದ್ದಾಗ ಮೋಹನ್ ಬಾಗಾನ್ ಪಂದ್ಯವನ್ನು 2-2ರಲ್ಲಿ ಸಮ ಮಾಡಿತು. ಒಂದು ಗೋಲು ಶ್ಯಾಮ್ ಥಾಪಾ ಅವರದು, ಇನ್ನೊಂದು ಹಬೀಬರದು. ಅದಾಗಿ ಒಂದು ವಾರಕ್ಕೆ ಪೆಲೆ ತಮ್ಮ ಕೊನೆಯ ಪಂದ್ಯ ಆಡಿ ನಿವೃತ್ತರಾದರು. ಮೋಹನ್ ಬಾಗಾನ್ ಅದೇ ವರ್ಷ ಐಎಫ್‌ಎ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರನ್ನೂ ಗೆದ್ದಿತು. 1980ರಲ್ಲಿ ಹಬೀಬ್‌ಗೆ ಅರ್ಜುನ ಪ್ರಶಸ್ತಿ ಬಂತು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕಪ್ಪುಗಳ ಪಟ್ಟಿ ಬರೆಯಲು ನನಗಿಂತ ಬಲ್ಲವರಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಆ ಕಾಲದಲ್ಲಿ ಫುಟ್‌ಬಾಲ್ ಆಡುವವರೆಲ್ಲ ಹೊಟ್ಟೆಪಾಡಿಗೆ ಒಂದು ನೌಕರಿ ಹಿಡಿಯುತ್ತಿದ್ದರು. ಪೊಲೀಸ್, ರೈಲ್ವೆ, ಬ್ಯಾಂಕು, ಹೀಗೆ. ಆಟ ಒಂದು ಕೈಯಲ್ಲಿ, ಸಂಬಳದ ಚೀಟಿ ಇನ್ನೊಂದು ಕೈಯಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಬೀಬ್ ತಮಗೆ ಬಂದ ನೌಕರಿಗಳನ್ನು ಬೇಡವೆಂದರು. ಆಟವೇ ನನ್ನ ಕೆಲಸ, ಮತ್ತೊಂದು ಕೆಲಸಕ್ಕೆ ಹೋದರೆ ಇದಕ್ಕೆ ಮೋಸ ಮಾಡಿದಂತೆ ಎನ್ನುವ ನಿಲುವು. ಅದಕ್ಕೇ ಅವರನ್ನು ಭಾರತದ ಮೊದಲ ನಿಜವಾದ ವೃತ್ತಿಪರ ಫುಟ್‌ಬಾಲಿಗ ಎಂದು ಕರೆಯುವುದು. ವೃತ್ತಿಪರ ಎಂದರೆ ದುಡ್ಡಿಗಾಗಿ ಆಡುವವನು ಎಂದು ನಾನು ತಿಳಿದಿದ್ದೆ. ಹೊತ್ತಿಗೆ ಸರಿಯಾಗಿ ಏಳುವುದು, ಹಿಡಿತದಲ್ಲಿ ಉಣ್ಣುವುದು, ಅಭ್ಯಾಸ ತಪ್ಪಿಸದಿರುವುದು, ಕಿರಿಯರನ್ನು ಗದರಿಸಿಯಾದರೂ ದಾರಿಗೆ ತರುವುದು: ಇದೆಲ್ಲ ಸೇರಿದರೆ ವೃತ್ತಿ ಎಂದು ಹಬೀಬರಿಂದ ತಿಳಿಯಿತು.

ಈಗ ನನ್ನ ತಪ್ಪೊಪ್ಪಿಗೆ. ನನ್ನ ಮಗ ಒಂಬತ್ತನೆಯ ತರಗತಿಯವರೆಗೆ ಶಾಲೆಯ ತಂಡದಲ್ಲಿ ನಡುಗಳದಲ್ಲೇ ಆಡುತ್ತಿದ್ದ. ಬೆಳಿಗ್ಗೆ ಐದಕ್ಕೆ ಯಾರೂ ಎಬ್ಬಿಸದೆ ಏಳುತ್ತಿದ್ದ. ಹತ್ತನೆಯ ತರಗತಿ ಬಂದ ಕೂಡಲೇ ನಾನು ಅವನ ಬೂಟುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. "ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ" ಎಂದಿದ್ದೆ. ಪರೀಕ್ಷೆ ಮುಗಿಯಿತು, ಇಂಟರ್ ಬಂತು, ಕೋಚಿಂಗ್ ಬಂತು. ಕೊಡುವ ಹೊತ್ತಿಗೆ ಪಾದ ಬೆಳೆದುಬಿಟ್ಟಿತ್ತು. ಅವನು ಒಂದು ದಿನವೂ ನನ್ನನ್ನು ದೂರಿಲ್ಲ. ಒಳ್ಳೆಯ ಕೆಲಸದಲ್ಲಿದ್ದಾನೆ. ಅವನು ಹಬೀಬ್ ಆಗಿಬಿಡುತ್ತಿದ್ದ ಎಂದೂ ನಾನು ಹೇಳುವುದಿಲ್ಲ. ಆದರೆ ಐದಕ್ಕೆ ಏಳುತ್ತಿದ್ದ ಆ ಶ್ರದ್ಧೆಗೆ ನಾನು 'ಆಟ' ಎಂದು ಹೆಸರಿಟ್ಟೆ. ಅದೇ ಶ್ರದ್ಧೆ ಗಣಿತದ ಮುಂದೆ ಕೂತಿದ್ದರೆ 'ತಪಸ್ಸು' ಎನ್ನುತ್ತಿದ್ದೆ.

ಕಳೆದ ತಿಂಗಳು ನಮ್ಮ ಕೆಳಗಿನ ಮನೆಯಾಕೆ ಬಂದು, "ಮಗಳು ಫುಟ್‌ಬಾಲ್ ಕೋಚಿಂಗ್ ಸೇರುತ್ತೇನೆ ಅಂತಾಳೆ, ಒಂಬತ್ತನೇ ಕ್ಲಾಸು. ಏನು ಮಾಡಲಿ?" ಎಂದು ಕೇಳಿದರು. ನಾನು ಆಕೆಗೆ ಎರಡೂ ಕಡೆ ಹೇಳಿದೆ. ಹಬೀಬ್ ಆಟ ಬಿಟ್ಟ ಮೇಲೆ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸಿದರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಮತ್ತು ಮರೆವಿನ ಕಾಯಿಲೆಯಿಂದ ನರಳಿದರು. ಹೋದಾಗ 74 ವರ್ಷ. ಅದೇ ಟಾಟಾ ಅಕಾಡೆಮಿಯಲ್ಲಿ ಕಲಿತ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಕೂಡ ಮಿಡ್‌ಫೀಲ್ಡರ್. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಮೂರು ಗೋಲು ಹೊಡೆದವರು, ಭಾರತ ತಂಡದ ನಾಯಕರಾಗಿದ್ದವರು. 2020ರ ಅಕ್ಟೋಬರ್‌ನಲ್ಲಿ ಹೃದಯಾಘಾತದಿಂದ 49ಕ್ಕೇ ಹೋಗಿಬಿಟ್ಟರು. ಕ್ಲಬ್ಬುಗಳೂ ಶಾಶ್ವತವಲ್ಲ. 2022ರಲ್ಲಿ ಐಎಸ್ಎಲ್ ಗೆದ್ದು ನಮ್ಮೂರನ್ನು ಕುಣಿಸಿದ ಹೈದರಾಬಾದ್ ಎಫ್‌ಸಿ 2025ರಲ್ಲಿ ದೆಹಲಿಯ ಪಾಲಾಯಿತು. ಆಟದ ಬದುಕಿಗೆ ಪಿಂಚಣಿಯ ಭರವಸೆ ಇಲ್ಲ, ಹಾಗಾಗಿ ಓದು ಬಿಡಿಸಬೇಡಿ ಎಂದೆ. ಆಮೇಲೆ ಒಂದು ಮಾತು ಕೇಳಿದೆ: "ಬೆಳಿಗ್ಗೆ ಅವಳನ್ನು ನೀವು ಎಬ್ಬಿಸುತ್ತೀರೋ, ಅವಳೇ ಏಳುತ್ತಾಳೋ?" "ಅವಳೇ ನನ್ನನ್ನು ಎಬ್ಬಿಸುತ್ತಾಳೆ" ಎಂದರು. "ಹಾಗಾದರೆ ಕಳಿಸಿ" ಎಂದೆ.

ಕೊನೆಯದಾಗಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ಪ್ರತಿ ರಾಜ್ಯೋತ್ಸವಕ್ಕೂ ಮಕ್ಕಳಿಗೆ ನಿಂಬೆಹಣ್ಣು ಚಮಚದ ಓಟ, ಮ್ಯೂಸಿಕಲ್ ಚೇರ್ ಇಡುತ್ತೇವೆ. ಈ ಸಲ ಒಂದು ಭಾನುವಾರ ಮೈದಾನ ಗೊತ್ತುಮಾಡಿ ಹುಡುಗರಿಗೂ ಹುಡುಗಿಯರಿಗೂ ಫುಟ್‌ಬಾಲ್ ಪಂದ್ಯ ಇಡಬಾರದೇಕೆ? ಹೈದರಾಬಾದಿನ ಹಬೀಬ್, ಬೆಂಗಳೂರಿನ ಕೆಂಪಯ್ಯ ಇಬ್ಬರ ಹೆಸರನ್ನೂ ಮಕ್ಕಳ ಕಿವಿಗೆ ಹಾಕಿದಂತಾಗುತ್ತದೆ. ಉಪ್ಪಿಟ್ಟು, ಕೇಸರಿಬಾತಿನ ಜವಾಬ್ದಾರಿ ನನ್ನದು. ದೀಪಾವಳಿಗೆ ಮಗ ಬರುತ್ತಾನೆ, ರೆಫರಿಯಾಗಿ ನಿಲ್ಲುತ್ತಾನಂತೆ. ಹೊಸ ಬೂಟು ನಾನೇ ಕೊಡಿಸುತ್ತೇನೆ ಎಂದಿದ್ದೇನೆ.