ಕೋವಿಯ ಅಂಗಸಂಧಾನ

ವಿಜಯಪುರದ ಕೋಟೆಯನ್ನು ಕಂಡವರಿಗೆ ಎರಡು ತೋಪುಗಳು ಪರಿಚಿತವಾಗಿವೆ. ಶೆರ್ಜಾ ಬುರುಜಿನ ಮಲಿಕ್-ಎ-ಮೈದಾನವು 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡುದು. ಸುಮಾರು 55 ಟನ್ ತೂಕದ ಆ ತೋಪು ಅಖಂಡವಾದ ಕಂಚಿನ ಎರಕ. ಅದರಲ್ಲಿ ಸಂದೆಂಬುದೇ ಇಲ್ಲ. ಉಪ್ಪಲಿ ಬುರುಜಿನ ಮೇಲಿರುವ, 30 ಅಡಿಗೂ ಮಿಕ್ಕ ಉದ್ದದ ತೋಪಾದರೋ ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆಗಳನ್ನು ತೊಡಿಸಿ ಕಟ್ಟಿದುದು. ಇಂತಹ ಕೆಲಸದಲ್ಲಿ ಕಾದು ಹಿಗ್ಗಿದ ಬಳೆಯು ತಣಿದು ಕುಗ್ಗುವಾಗ ಒಳಗಿನ ಪಟ್ಟಿಗಳನ್ನು ಬಿಗಿದಪ್ಪುತ್ತದೆ. ತಿಕೋಟೆಯ ಸೀಮೆಯಲ್ಲಿ ಬಂಡಿಯ ಗಾಲಿಗೆ ಕಂಬಾರನು ಹಳಿ ಏರಿಸುತ್ತಿದ್ದ ತತ್ತ್ವವೂ ಇದೇ.

ಕೈಕೋವಿಗಳ ಕಾಲದಲ್ಲಿ ಈ ಸಂದಿನ ವಿದ್ಯೆ ಇನ್ನೂ ಸೂಕ್ಷ್ಮವಾಯಿತು. ಕುಶಲಿಯು ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ, ಅದರ ನೆರೆಯ ಭಾಗಕ್ಕೆ ಹೊಂದಿಸುತ್ತಿದ್ದನು. ಹಾಗೆ ಹೊಂದಿಸಿದ ಭಾಗವು ಆ ಕೋವಿಗಲ್ಲದೆ ಬೇರೊಂದಕ್ಕೆ ಸಲ್ಲುತ್ತಿರಲಿಲ್ಲ. ರಣರಂಗದಲ್ಲಿ ಒಂದು ತುಂಡು ಮುರಿದರೆ ಕೋವಿಯೇ ನಿರುಪಯೋಗಿ. 1785ರಲ್ಲಿ ಫ್ರಾನ್ಸಿನ ಹೊನೋರೆ ಬ್ಲಾಂಕ್ ಎಂಬವನು ಇದಕ್ಕೆ ಪರಿಹಾರ ತೋರಿದನು. ಕಿಡಿ ಹೊತ್ತಿಸುವ ಯಂತ್ರದ ಬಿಡಿಭಾಗಗಳನ್ನು ಬೆರೆಸಿಟ್ಟು, ಕೈಗೆ ಸಿಕ್ಕಿದವನ್ನು ಜೋಡಿಸುವಂತೆ ಅಮೆರಿಕದ ಥಾಮಸ್ ಜೆಫರ್ಸನ್ನನಿಗೆ ಕೊಟ್ಟನು. ಅವು ಲೀಲಾಜಾಲವಾಗಿ ಕೂಡಿಕೊಂಡವು.

ಹಾಗಾದರೆ ಕಾರ್ಖಾನೆಯು ಕೈಯ ಕೌಶಲವನ್ನು ನುಂಗಿತೇ? ಇಲ್ಲ, ಅದರ ನೆಲೆಯನ್ನು ಬದಲಿಸಿತು. ಸಾವಿರ ಭಾಗಗಳು ಒಂದೇ ತೆರನಾಗಬೇಕಾದರೆ ಅವನ್ನು ಅಳೆಯುವ ಮಾಪಕವು ನಿರ್ದುಷ್ಟವಾಗಿರಬೇಕು. ಕೋವಿಯ ಮೇಲೆ ಆಡುತ್ತಿದ್ದ ಕುಶಲಿಯ ಕೈ ಮಾಪಕದ ಮೇಲೂ ಅಚ್ಚಿನ ಮೇಲೂ ಆಡತೊಡಗಿತು. ಮಾಪಕವು ತಪ್ಪಿದರೆ ಒಂದು ಕೋವಿಯಲ್ಲ, ಸಾವಿರ ಕೋವಿಗಳು ತಪ್ಪುತ್ತವೆ.

ಅಷ್ಟಾಗಿಯೂ ಕೆಲವು ಸಂದುಗಳು ಪ್ರತ್ಯೇಕ ಪರೀಕ್ಷೆಯನ್ನು ಬೇಡುತ್ತವೆ. 1904ರಲ್ಲಿ ಸ್ಥಾಪಿತವಾದ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ಬಂದೂಕುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತೋಟೆಯ ಹಿಂಬದಿಯನ್ನು ತಡೆದು ನಿಲ್ಲುವ ಬೋಲ್ಟಿನ ಮೇಲೂ ಬಂದೂಕಿನ ಒಡಲ ಮೇಲೂ ಒಂದೇ ಸಂಖ್ಯೆಯನ್ನು ಕೆತ್ತುತ್ತಿದ್ದರು. ಒಂದರ ಬೋಲ್ಟನ್ನು ಪರೀಕ್ಷಿಸದೆ ಮತ್ತೊಂದಕ್ಕೆ ಹಾಕಿದರೆ ನಡುವೆ ತೆರಪು ಹೆಚ್ಚಿ, ತೋಟೆಯ ಕವಚ ಹರಿದು, ಗುಂಡು ಹಾರಿಸುವವನಿಗೇ ಅಪಾಯವಾದೀತು. ಕೂದಲೆಳೆಯಷ್ಟು ಅಂತರದ ಮೇಲೆ ಒಂದು ಜೀವ ನಿಂತಿರುತ್ತದೆ.

ಉಪ್ಪಲಿ ಬುರುಜಿನ ಕಂಬಾರನಿಗೆ ಮಾಪಕವಿರಲಿಲ್ಲ. ಕಾದ ಕಬ್ಬಿಣದ ಬಣ್ಣವೇ ಆತನಿಗೆ ಪ್ರಮಾಣವಾಗಿತ್ತು. ಇಂದಿನವನಿಗೆ ಯಂತ್ರವುಂಟು. ಆದರೆ ‘ಇಷ್ಟು ಸಾಕು’ ಎಂದು ಅಲಕ್ಷಿಸದ ಎಚ್ಚರವು ಇಬ್ಬರಿಗೂ ಸಮಾನವಾದುದು. ಯಂತ್ರವನ್ನು ಕೊಳ್ಳಬಹುದು, ಆ ಎಚ್ಚರವನ್ನು ಕಲಿತೇ ಪಡೆಯಬೇಕು.